ಸೀಬೆ ಮರದ ಕರಾರು

ನನ್ನ ಬೆರಳುಗಳಿಗೊಂದು ಚಾಳಿ ಇದೆ. ಯಾರಾದರೂ ಮಾತಾಡುತ್ತಿದ್ದರೆ ಅವು ಸುಮ್ಮನಿರುವುದಿಲ್ಲ. ಸಿಕ್ಕಿದ ಜಾಗದ ಮೇಲೆ ಆ ಮಾತನ್ನು ಟೈಪ್ ಮಾಡತೊಡಗುತ್ತವೆ. ಮಡಿಲ ಮೇಲೆ, ಊಟದ ಮೇಜಿನ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ. ದೇವಸ್ಥಾನದಲ್ಲಿ ಅರ್ಚಕರು ಸಂಕಲ್ಪ ಹೇಳುವಾಗ ಕೈ ಮುಗಿದು ನಿಂತಿದ್ದರೂ ಹತ್ತು ಬೆರಳೂ ಒಂದಕ್ಕೊಂದು ತಾಗಿಕೊಂಡೇ ಗೋತ್ರ ನಕ್ಷತ್ರಗಳನ್ನು ಒತ್ತುತ್ತಿರುತ್ತವೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ ಇದನ್ನು ನೋಡಿ, ಸೊಸೆಗೆ ನರದೌರ್ಬಲ್ಯ ಎಂದು ತಾವೇ ನಿಶ್ಚಯಿಸಿ, ಒಂದು ಮಂಡಲ ನೆಲ್ಲಿಕಾಯಿ ಲೇಹ್ಯ ತಿನ್ನಿಸಿದರು. ಲೇಹ್ಯ ರುಚಿಯಾಗಿತ್ತು. ನಾನೂ ಬಾಯಿ ಬಿಡಲಿಲ್ಲ.

ದೌರ್ಬಲ್ಯವೂ ಇಲ್ಲ, ಮಣ್ಣೂ ಇಲ್ಲ. ನಾನು ಕನ್ನಡ ಟೈಪಿಸ್ಟ್ ಆಗಿದ್ದೆ, ಅಷ್ಟೆ. ಇಪ್ಪತ್ತೆರಡನೇ ವಯಸ್ಸಿಗೆ ರಾಜಾಜಿನಗರದಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿದ್ದ ಗೋಪಾಲಯ್ಯನವರ ಜಾಬ್ ಟೈಪಿಂಗ್ ಅಂಗಡಿಗೆ ಸೇರಿದೆ. ಮೆಟ್ಟಿಲ ಕೆಳಗೆ ಎಂದರೆ ನಿಜವಾಗಿಯೂ ಮೆಟ್ಟಿಲ ಕೆಳಗೇ. ಕುಳಿತರೆ ತಲೆಗೂ ಮೆಟ್ಟಿಲಿಗೂ ಒಂದು ಗೇಣು ಅಂತರ. ಮರೆತು ಎದ್ದರೆ ಬುರುಡೆಗೆ ಪೆಟ್ಟು. ಎರಡು ಯಂತ್ರ, ಒಂದು ಬೆಂಚು, ಗೋಡೆಗೆ ಗಣಪತಿ. ಕನ್ನಡದ ಟೈಪ್‌ರೈಟರಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಒಂದು ಒತ್ತಕ್ಷರ ಮೂಡಿಸುವಷ್ಟರಲ್ಲಿ ಪಕ್ಕದ ಇಂಗ್ಲಿಷ್ ಟೈಪಿಸ್ಟ್ ಅರ್ಧ ಸಾಲು ಮುಗಿಸಿ ಆಕಳಿಸುತ್ತಿರುತ್ತಾನೆ. ಸಂಜೆಗೆ ಕಿರುಬೆರಳು ಎನ್ನುವುದು ನನ್ನದೇ ಹೌದೋ ಅಲ್ಲವೋ ಎಂದು ನೋಡಿಕೊಳ್ಳಬೇಕಾಗುತ್ತಿತ್ತು.

ಅಂಗಡಿಗೆ ಅನ್ನ ಹಾಕುತ್ತಿದ್ದದ್ದು ಬಾಡಿಗೆ ಕರಾರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಎಂದರೆ ಹನ್ನೊಂದು ತಿಂಗಳ ಲೆಕ್ಕ ಎಂಬುದು ನಿಮಗೂ ತಿಳಿದದ್ದೇ. ಹನ್ನೆರಡಾದರೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು, ಆ ರಗಳೆ ಯಾರಿಗೆ ಬೇಕು ಎಂದು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ನಮ್ಮ ತಂದೆ ಮಿಲ್ಲಿನಲ್ಲಿದ್ದರು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ನಾವು ಆರು ಮನೆ ಬದಲಾಯಿಸಿದ್ದೆವು. "ಹನ್ನೊಂದು ತಿಂಗ್ಳಾಯ್ತು, ಇನ್ನು ಏನಂತಾರೋ" ಎಂದು ಅಮ್ಮ ಪ್ರತಿವರ್ಷ ಹೇಳುವುದನ್ನು ಕೇಳಿ ಕೇಳಿ, ವರ್ಷಕ್ಕೆ ಹನ್ನೊಂದೇ ತಿಂಗಳು ಎಂದು ನಾನು ನಂಬಿದ್ದೆ. ಎರಡನೇ ಕ್ಲಾಸಿನಲ್ಲಿ ಮೇಡಂ ಡಿಸೆಂಬರ್ ಎಂದಾಗ, ಅದು ಸ್ವಂತ ಮನೆ ಇರುವವರಿಗೆ ಮಾತ್ರ ಬರುವ ತಿಂಗಳು ಎಂದುಕೊಂಡೆ.

ಹೊಸ ಮನೆಗೆ ಹೋದಾಗ ಅಮ್ಮ ಹಾಲು ಉಕ್ಕಿಸುತ್ತಿದ್ದಳು. ಅದನ್ನು ಎಲ್ಲರೂ ಮಾಡುತ್ತಾರೆ. ಬಿಟ್ಟು ಹೋಗುವ ಮನೆಯನ್ನು ಗುಡಿಸಿ, ಸಾರಿಸಿ, ಹೊಸ್ತಿಲಿಗೆ ಎರಡೆಳೆ ರಂಗೋಲಿ ಹಾಕಿ ಹೊರಡುತ್ತಿದ್ದಳಲ್ಲ, ಅದು ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಗಾಡಿಯ ಮೇಲೆ ಒರಳುಕಲ್ಲು ಏರಿಸಿ, ತುಳಸಿ ಕುಂಡವನ್ನು ನನ್ನ ತೊಡೆಯ ಮೇಲಿಟ್ಟು ಅಪ್ಪ ಕೂಗುತ್ತಿದ್ದರೆ ಅಮ್ಮ ಒಳಗೆ ರಂಗೋಲಿ ಬಿಡುತ್ತಿದ್ದಳು. "ನಮ್ಮನ್ನ ಓಡಿಸ್ತಾ ಇರೋ ಮನೆಗೆ ಯಾಕಮ್ಮ ಇದೆಲ್ಲ?" ಎಂದರೆ, "ಓಡಿಸ್ತಿರೋದು ಓನರ್ರು ಕಣೇ. ಮನೆ ಏನ್ಮಾಡ್ತು?" ಅನ್ನುತ್ತಿದ್ದಳು.

ಎಲ್ಲಿಂದ ಎಲ್ಲಿಗೋ ಬಂದೆ. ಅಂಗಡಿಗೆ ಹಿಂತಿರುಗೋಣ.

ಕರಾರಿಗೆ ಒಂದು ಮಾದರಿ ಹಾಳೆ ಇತ್ತು. ಅದನ್ನು ಯಂತ್ರದ ಎದುರಿಗೆ ಕ್ಲಿಪ್ಪಿಗೆ ಸಿಕ್ಕಿಸಿರುತ್ತಿದ್ದರು. ಬಂದವರ ಹೆಸರು, ಮನೆಯ ವಿಳಾಸ, ಬಾಡಿಗೆ, ಅಡ್ವಾನ್ಸು ಇಷ್ಟನ್ನು ಬದಲಾಯಿಸುವುದು, ಉಳಿದದ್ದನ್ನು ಕಣ್ಣು ಮುಚ್ಚಿ ಹೊಡೆಯುವುದು. "ಸ್ವಸಂತೋಷದಿಂದಲೂ ಯಾರ ಬಲವಂತವೂ ಇಲ್ಲದೆಯೂ ಬರೆಸಿಕೊಟ್ಟ ಬಾಡಿಗೆ ಕರಾರು ಪತ್ರದ ಕ್ರಮವೇನೆಂದರೆ" ಎಂದು ಶುರುವಾದರೆ ಕೊನೆಯ ಸಾಕ್ಷಿಗಳ ಗೆರೆಯವರೆಗೂ ಬೆರಳು ತಾನಾಗಿ ಓಡುತ್ತಿತ್ತು. ಬೆರಳು ಓದುತ್ತಿತ್ತು, ನಾನು ಓದುತ್ತಿರಲಿಲ್ಲ. ನಾನೊಬ್ಬಳೇ ಅಲ್ಲ, ಓನರ್ರೂ ಓದುತ್ತಿರಲಿಲ್ಲ, ಬಾಡಿಗೆಯವರೂ ಓದುತ್ತಿರಲಿಲ್ಲ. ಬಾಡಿಗೆ ಎಷ್ಟು ಅಂತ ನೋಡುವುದು, ಸೈನ್ ಎಲ್ಲಿ ಅಂತ ಕೇಳುವುದು. ಆ ಅಂಗಡಿಯಲ್ಲಿದ್ದ ಮೂರು ವರ್ಷದಲ್ಲಿ ಒಂದು ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ಕೇಳಿದವರು ಒಬ್ಬರೇ. ಅವರಿಗೆ ಓದಲು ಬರುತ್ತಿರಲಿಲ್ಲ.

ಅವರ ಹೆಸರು ಪುಟ್ಟತಾಯಮ್ಮ. ಅರವತ್ತರ ಆಸುಪಾಸು, ಕಪ್ಪಗೆ ಗಟ್ಟಿ ಆಳು, ಸೊಂಟದಲ್ಲಿ ಎಲೆ ಅಡಿಕೆ ಚೀಲ. ನಾಲ್ಕು ಮನೆಯ ಒಂದು ವಠಾರದ ಓನರ್ರು. ಸೊಪ್ಪು ಮಾರಿ, ಚೀಟಿ ಹಾಕಿ, ಒಂದೊಂದೇ ಗೋಡೆ ಎಬ್ಬಿಸಿ ಕಟ್ಟಿಸಿದ್ದರಂತೆ. ಅಂದು ಹೊಸ ಬಾಡಿಗೆಯವರಿಗೆ ಕರಾರು ಮಾಡಿಸಲು ಬಂದವರು ಬೆಂಚಿನ ಮೇಲೆ ಕಾಲು ಮಡಿಚಿ ಕೂತು, "ಮೊದ್ಲು ಓದವ್ವ, ಅದ್ರಲ್ಲಿ ಏನೈತೆ ಕೇಳ್ತೀನಿ" ಎಂದರು.

ನಾನು ಓದಿದೆ. ಮಾಲೀಕರ ಹಕ್ಕುಗಳು ಒಂದಾದ ಮೇಲೊಂದು ಬಂದವು: ಮೊಳೆ ಹೊಡೆಯತಕ್ಕದ್ದಲ್ಲ, ನೀರು ಪೋಲು ಮಾಡತಕ್ಕದ್ದಲ್ಲ, ವಾಯಿದೆ ಮುಗಿದ ದಿನ ಯಾವ ತಕರಾರೂ ಇಲ್ಲದೆ ಖಾಲಿ ಮಾಡತಕ್ಕದ್ದು. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. ಮುಗಿದ ಮೇಲೆ, "ಎಲ್ಲಾ ನಂದೇ ಆಯ್ತಲ್ಲವ್ವ. ಅವ್ರದ್ದು ಎಲ್ಲಿ?" ಎಂದರು.

ಅಷ್ಟು ಕರಾರು ಹೊಡೆದಿದ್ದರೂ ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಸ್ವತಃ ಆರು ಮನೆ ಖಾಲಿ ಮಾಡಿದವಳ ತಲೆಗೆ.

"ಬರ್ಕೊ ಮಗಾ" ಎಂದರು ಪುಟ್ಟತಾಯಮ್ಮ. "ಈ ಮನೆ ತೋರ್ಸ್ದೋನು ಬಂದವ್ನೆ. ಅವ್ನಿಗೆ ಒಂದ್ಸಲ ಕೊಟ್ಟಾಯ್ತು. ಮುಂದಿನ ವರ್ಷ ಮತ್ತೆ ಬಂದು ಇವ್ರತ್ರ ಕೈ ನೀಡ್ಬಾರ್ದು. ಮದ್ವೆ ಮಾಡ್ಸ್ದೋನಿಗೆ ವರ್ಷ ವರ್ಷ ದಕ್ಷಿಣೆ ಕೊಡ್ತಾರಾ?"

ಬಾಗಿಲ ಬಳಿ ನಿಂತಿದ್ದ ದಲ್ಲಾಳಿ ಆಕಾಶ ನೋಡಿದ. ಎರಡನೆಯದನ್ನು ಹೇಳುವಾಗ ಪುಟ್ಟತಾಯಮ್ಮನವರ ದನಿ ಸ್ವಲ್ಪ ತಗ್ಗಿತು. "ಮನೇಲಿ ಬಾಣಂತಿ ಇದ್ರೆ, ಹುಷಾರಿಲ್ದೋರು ಮಲಗಿದ್ರೆ, ಅವ್ರು ಎದ್ದು ಓಡಾಡೋಗಂಟ ಖಾಲಿ ಮಾಡ್ಸ್‌ಬಾರ್ದು. ನನ್ನ ಹನ್ನೊಂದು ದಿನದ ಬಾಣಂತೀಲಿ ಓನರ್ರು ಈಚೆಗೆ ಹಾಕಿದ್ರು ಕಣವ್ವ. ಅವ್ರ ಹಿತ್ಲಲ್ಲೊಂದು ಸೀಬೆ ಮರ ಇತ್ತು. ಅದ್ರ ಕೆಳಗೆ ಕೂಸು ಕಟ್ಕೊಂಡು ಸಾಯಂಕಾಲದಗಂಟ ಕೂತಿದ್ದೆ, ನಮ್ಮೆಜಮಾನ್ರು ಬೇರೆ ಮನೆ ನೋಡ್ಕೊಂಡು ಬರೋಗಂಟ." ಮಡಿಚಿದ ಎಲೆಯನ್ನು ಬಾಯಿಗಿಟ್ಟುಕೊಂಡು, "ಅದ್ಕೇ ನನ್ನ ವಠಾರದಲ್ಲಿ ಮೊದ್ಲು ನೆಟ್ಟಿದ್ದು ಸೀಬೆ. ಅದ್ರ ಹಣ್ಣಲ್ಲಿ ಬಾಡ್ಗೆಯವ್ರ ಮಕ್ಳಿಗೂ ಪಾಲೈತೆ ಅಂತ ಅದ್ನೂ ಹಾಕು. ನಾ ಸತ್ ಮೇಲೆ ನನ್ ಮಕ್ಳು ಓಡಿಸ್ಬಾರ್ದು" ಎಂದರು.

ಅವರ ಮಾತನ್ನು ಕರಾರಿನ ಭಾಷೆಗೆ ತಿರುಗಿಸಿ ಮೂರು ಕಲಮು ಮಾಡಿದೆ. ಮೊದಲನೆಯದು: "ಮನೆ ತೋರಿಸಿದ ದಲ್ಲಾಳಿ ಹಣವು ಪ್ರಾರಂಭದಲ್ಲಿ ಒಂದು ಸಲ ಮಾತ್ರ ಸಲ್ಲತಕ್ಕದ್ದು, ವಾಯಿದೆ ಮುಗಿದು ಕರಾರು ಮುಂದುವರಿದಲ್ಲಿ ಬಾಡಿಗೆದಾರರನ್ನು ಮತ್ತೆ ಕೇಳತಕ್ಕದ್ದಲ್ಲ." ಎರಡನೆಯದು: "ವಾಯಿದೆ ಮುಗಿದ ಕಾಲದಲ್ಲಿ ಮನೆಯಲ್ಲಿ ಬಾಣಂತಿಯಾಗಲಿ ಹಾಸಿಗೆ ಹಿಡಿದವರಾಗಲಿ ಇದ್ದಲ್ಲಿ, ಅವರು ಎದ್ದು ಓಡಾಡುವವರೆಗೆ ಮನೆ ಖಾಲಿ ಮಾಡಿಸತಕ್ಕದ್ದಲ್ಲ." ಮೂರನೆಯದು: "ಹಿತ್ತಲಿನ ಸೀಬೆ ಮರದ ಹಣ್ಣಿನಲ್ಲಿ ಬಾಡಿಗೆದಾರರ ಮಕ್ಕಳಿಗೂ ಪಾಲು ಉಂಟು." ಪುಟ್ಟತಾಯಮ್ಮ ಅದನ್ನು ಮೂರು ಸಲ ಓದಿಸಿ, ಮೂರನೇ ಸಲಕ್ಕೆ ತಲೆಯಾಡಿಸಿ, ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ಬೆಂಚಿಗೆ ಒರೆಸಿ ಎದ್ದು ಹೋದರು. ಆ ಗುರುತು ನಾನು ಕೆಲಸ ಬಿಡುವವರೆಗೂ ಬೆಂಚಿನ ಮೇಲಿತ್ತು. ನನಗೆ ಅದರ ಮೇಲೆ ಕೂರಲು ಮನಸ್ಸಾಗುತ್ತಿರಲಿಲ್ಲ.

ಗೋಪಾಲಯ್ಯನವರು ಸಂಜೆ ಬಂದು ಕಾರ್ಬನ್ ಪ್ರತಿ ನೋಡಿ, "ಇದೇನಮ್ಮ, ಬಾಡಿಗೆ ಕರಾರೋ ಬಾಣಂತನದ ಪುಸ್ತಕವೋ?" ಎಂದರು. ನಕ್ಕು ಸುಮ್ಮನಾದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಮಾದರಿ ಹಾಳೆ ಹಳೆಯದಾಗಿ ಮಡಿಕೆಯಲ್ಲಿ ಹರಿದುಹೋಗಿತ್ತು. ಹೊಸದು ಹೊಡೆಯುವವರೆಗೆ ಇರಲಿ ಎಂದು ಕೈಗೆ ಸಿಕ್ಕಿದ ಆ ಕಾರ್ಬನ್ ಪ್ರತಿಯನ್ನೇ ಕ್ಲಿಪ್ಪಿಗೆ ಸಿಕ್ಕಿಸಿದೆ. ಟೀ ಕುಡಿದು ಬಂದು ಬದಲಾಯಿಸೋಣ ಎಂದುಕೊಂಡೆ. ಟೀ ಕುಡಿದೆ. ಬದಲಾಯಿಸಲಿಲ್ಲ. ಆಮೇಲೆ ಬೆರಳುಗಳು ಆ ಮೂರು ಕಲಮನ್ನೂ ಬಾಯಿಪಾಠ ಮಾಡಿಕೊಂಡುಬಿಟ್ಟವು. ಬಂದವರಿಗೆಲ್ಲ ಸೀಬೆ ಮರದಲ್ಲಿ ಪಾಲು ಹಂಚಿದೆ. ಪಕ್ಕದ ಬೀದಿಯ ಅಂಗಡಿಯವರು "ನಿಮ್ ಫಾರ್ಮ್ಯಾಟ್ ಒಂದ್ ಕೊಡಿ" ಎಂದು ಕೇಳಿದರೆ ಅವರಿಗೂ ಒಂದು ಪ್ರತಿ ಕೊಟ್ಟೆ. ಮೂರು ತಿಂಗಳಾದ ಮೇಲೆ ಮಹಾಲಕ್ಷ್ಮಿ ಲೇಔಟಿನ ಓನರ್ರೊಬ್ಬರು ಕಾಗದ ಹಿಡಿದು ಬಂದು, "ಏನ್ರೀ ಇದು, ನಮ್ ಮನೆಗೆ ಹಿತ್ಲೇ ಇಲ್ಲ, ಸೀಬೆ ಮರ ಎಲ್ಲಿಂದ ತರ್ಲಿ?" ಎಂದಾಗಲೇ ಗೊತ್ತಾದದ್ದು. ಗೋಪಾಲಯ್ಯನವರು ಗದರಿದರು. ಕ್ಲಿಪ್ಪಿನ ಹಾಳೆ ಬದಲಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಮೇಲೆ ಮದುವೆ, ಒಂದು ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ, ನಿವೃತ್ತಿ. ಟೈಪ್‌ರೈಟರುಗಳು ಗುಜರಿಗೆ ಹೋದವು. ಬೆರಳಿನ ಚಾಳಿ ಮಾತ್ರ ಉಳಿಯಿತು.

ಈಗ ನಾನೂ ನಮ್ಮ ಯಜಮಾನರೂ ಅನ್ನಪೂರ್ಣೇಶ್ವರಿ ನಗರದಲ್ಲಿ, ಮೂರಂತಸ್ತಿನ ಒಂದು ಕಟ್ಟಡದ ಮೊದಲ ಮಹಡಿಯಲ್ಲಿದ್ದೇವೆ. ಬಾಡಿಗೆಗೆ, ಮತ್ತೇನು. ಓನರ್ ನಾಗರಾಜು ಅವರು ಬ್ಯಾಡರಹಳ್ಳಿಯಲ್ಲಿರುತ್ತಾರೆ. ನಾವು ಕಂಡದ್ದು ಎರಡು ಮೂರು ಸಲ. ಎಲ್ಲ ವ್ಯವಹಾರ ಬ್ರೋಕರ್ ಶಿವಣ್ಣನ ಕೈಯಲ್ಲಿ. ಹನ್ನೊಂದು ತಿಂಗಳಿಗೊಮ್ಮೆ ಅವನು ಬಂದು, "ಆಂಟಿ, ರಿನೀವಲ್" ಎನ್ನುತ್ತಾನೆ. ಅರ್ಧ ತಿಂಗಳ ಬಾಡಿಗೆ ಅವನಿಗೆ. ಯಾಕೆ ಎಂದು ಒಮ್ಮೆಯೂ ಕೇಳದೆ, ಕಾಫಿ ಕೊಟ್ಟು, ದುಡ್ಡೂ ಕೊಟ್ಟು, ಸೈನ್ ಹಾಕಿ ಕಳಿಸಿದ್ದೇನೆ. ಒಂದು ಸಲ ಅಲ್ಲ, ನಾಲ್ಕು ಸಲ. ಮೂರು ವರ್ಷ ಕರಾರು ಕುಟ್ಟಿದವಳ ಬುದ್ಧಿ ನೋಡಿ.

ಕಳೆದ ವರ್ಷ ಮೇಲಿನ ಮಹಡಿಯ ಒಂಟಿ ರೂಮಿಗೆ ಬಾಗಲಕೋಟೆ ಕಡೆಯ ಬಸವರಾಜ, ಸುವರ್ಣಾ ಎಂಬ ಗಂಡ ಹೆಂಡತಿ ಬಂದರು. ಅವನು ಬೈಕಿನಲ್ಲಿ ಊಟ ತಲುಪಿಸುವ ಕೆಲಸದವನು. ಅವಳಿಗೆ ತವರಿನಲ್ಲಿ ತಾಯಿ ಇಲ್ಲ, ಆದ್ದರಿಂದ ಹೆರಿಗೆಯೂ ಇಲ್ಲೇ ಆಯಿತು. ಹೆಣ್ಣು ಮಗು. ನಾನೇ ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದೆ, ಸಾಂಬ್ರಾಣಿ ಹಾಕುತ್ತಿದ್ದೆ. ನನಗೆ ಬಾಣಂತನ ಮಾಡಿ ಗೊತ್ತಿಲ್ಲ, ಸುವರ್ಣಾಗೆ ಮಾಡಿಸಿಕೊಂಡು ಗೊತ್ತಿಲ್ಲ. ಇಬ್ಬರೂ ಗಾಬರಿಯಾಗಿಯೇ ಮಗುವನ್ನು ಮೀಯಿಸುತ್ತಿದ್ದೆವು. ಮಗು ಮಾತ್ರ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿತ್ತು.

ಮಗುವಿಗೆ ಇಪ್ಪತ್ತು ದಿನವಾದ ಒಂದು ಮಧ್ಯಾಹ್ನ ಬಸವರಾಜ ಬಾಗಿಲಿಗೆ ಬಂದ. ಬೆನ್ನಿಗೆ ಊಟದ ಚೀಲ ಹಾಗೇ ಇತ್ತು, ಕೈಯಲ್ಲಿ ಮಡಿಸಿದ ಕಾಗದ.

"ಆಂಟಿ, ಇದನ್ನ ಸ್ವಲ್ಪ ಓದಿ ಹೇಳ್ರಿ. ಸೈನ್ ನಾ ಮಾಡೀನಿ, ಆದ್ರ ಓದಿಲ್ರಿ. ಹನ್ನೊಂದು ತಿಂಗಳ ಮುಗೀತು, ರಿನೀವಲ್ ರೊಕ್ಕ ಕೊಡು, ಇಲ್ಲಂದ್ರ ಮುಂದಿನ ಐತವಾರದೊಳಗ ಖಾಲಿ ಮಾಡು ಅನ್ನಾಕತ್ತಾನ್ರಿ ಶಿವಣ್ಣ. ದವಾಖಾನಿಗೇ ಇದ್ದದ್ದೆಲ್ಲಾ ಹೋಗೇತಿ. ಹಸಿ ಬಾಣಂತಿನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿರಿ?"

ಅವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಶಿವಣ್ಣ ಕನ್ನಡದ ಕರಾರು ಮಾಡಿಸಿದ್ದ. ಕನ್ನಡಕ ಹುಡುಕಿಕೊಂಡು ಬಂದು ಕೂತು, ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದೆ. "ಸ್ವಸಂತೋಷದಿಂದಲೂ ಯಾರ ಬಲವಂತವೂ ಇಲ್ಲದೆಯೂ..." ಎಡಗೈ ಮಂಡಿಯ ಮೇಲೆ ಟೈಪ್ ಮಾಡಲು ಶುರು ಮಾಡಿತು. ಮಾಡಲಿ ಬಿಡು ಎಂದು ಬಿಟ್ಟೆ. ಮೊಳೆ ಬಂತು, ನೀರು ಬಂತು, ವಾಯಿದೆ ಬಂತು. ಆಗ ನಡೆದದ್ದನ್ನು ನೀವು ನಂಬಬೇಕು. ನಾನು ಇನ್ನೂ ಪುಟದ ಕೊನೆಯ ಸಾಲಿನಲ್ಲಿದ್ದೆ, ಹಾಳೆ ತಿರುಗಿಸಿರಲಿಲ್ಲ. ಬೆರಳುಗಳು ಮುಂದೆ ಹೋಗಿಬಿಟ್ಟವು. ನಾನು ಓದದ ಸಾಲನ್ನು ಅವು ಹೊಡೆಯುತ್ತಿದ್ದವು. ನಾನು ಬಾಯಿ ಮುಚ್ಚಿ ನನ್ನ ಕೈಯನ್ನೇ ನೋಡಿದೆ.

ಹಾಳೆ ತಿರುಗಿಸಿದೆ. ದಲ್ಲಾಳಿ ಹಣವು ಪ್ರಾರಂಭದಲ್ಲಿ ಒಂದು ಸಲ ಮಾತ್ರ ಸಲ್ಲತಕ್ಕದ್ದು. ಮನೆಯಲ್ಲಿ ಬಾಣಂತಿಯಾಗಲಿ ಹಾಸಿಗೆ ಹಿಡಿದವರಾಗಲಿ. ಎದ್ದು ಓಡಾಡುವವರೆಗೆ. ಅಕ್ಷರಕ್ಕೆ ಅಕ್ಷರ. ಅದರ ಕೆಳಗೆ, ಹಿತ್ತಲೂ ಇಲ್ಲದ, ಹಿಡಿ ಮಣ್ಣೂ ಇಲ್ಲದ ಆ ಸಿಮೆಂಟಿನ ಕಟ್ಟಡದ ಎರಡನೇ ಮಹಡಿಯ ಒಂಟಿ ರೂಮಿನ ಕರಾರಿನಲ್ಲಿ, ಹಿತ್ತಲಿನ ಸೀಬೆ ಮರ.

"ಇದೊಂದು ಸಾಲು ಸೈನ್ ಮಾಡೂವಾಗ ಕಣ್ಣಿಗೆ ಬಿದ್ದಿತ್ರಿ" ಎಂದ ಬಸವರಾಜ. "ಪೇರಲ ಗಿಡ ಎಲ್ಲೈತಿ ಅಂತ ಬಂದ ದಿನಾನ ಟೆರೇಸ್ ಮ್ಯಾಲೆಲ್ಲಾ ಹುಡುಕೀನಿ. ಆಂಟಿ, ಯಾಕ್ರಿ, ಅಳಾಕತ್ತೀರಿ?"

ಮೈ ಜುಮ್ಮೆಂದಿತು ಎನ್ನುವುದನ್ನು ಎಷ್ಟೋ ಸಲ ಸುಮ್ಮನೆ ಹೇಳಿದ್ದೇನೆ. ಅಂದು ನಿಜವಾಗಿ ಆಯಿತು. ಯೋಚಿಸಿ ನೋಡಿ. ನಾನು ಕೊಟ್ಟ ಒಂದು ಹಾಳೆಯನ್ನು ಆ ಪಕ್ಕದ ಬೀದಿಯ ಅಂಗಡಿಯವನು ನಕಲು ಮಾಡಿದ, ಅವನದನ್ನು ಇನ್ನೊಬ್ಬ. ಕಂಪ್ಯೂಟರ್ ಬಂದಾಗ ಯಾರೋ ಅದನ್ನೇ ಕೂರಿಸಿದರು. ಅಲ್ಲಿಂದ ಪೆನ್ ಡ್ರೈವಿಗೆ, ಅಲ್ಲಿಂದ ಜೆರಾಕ್ಸ್ ಅಂಗಡಿಗೆ, ವಿಜಯನಗರಕ್ಕೆ, ನಾಗರಭಾವಿಗೆ, ಎಲ್ಲೆಲ್ಲಿಗೋ. ದಾರಿಯುದ್ದಕ್ಕೂ ಯಾರೂ ಓದಲಿಲ್ಲ, ಓದಿದ್ದರೆ ಅಳಿಸುತ್ತಿದ್ದರು. ನಮ್ಮೆಲ್ಲರ ಸೋಮಾರಿತನದ ಹೆಗಲೇರಿಕೊಂಡು ಆ ಹೆಬ್ಬೆಟ್ಟಿನ ಹೆಂಗಸಿನ ಮಾತು ಇಷ್ಟು ವರ್ಷ ನಡೆದು, ಸರಿಯಾದ ಮನೆಯ ಸರಿಯಾದ ಬಾಗಿಲಿಗೆ ಬಂದು ನಿಂತಿತ್ತು. ನನಗೆ ಪುಟ್ಟತಾಯಮ್ಮ ಎದುರಿಗೇ ಕಾಲು ಮಡಿಚಿ ಕೂತ ಹಾಗಾಯಿತು.

ಬಸವರಾಜನನ್ನು ಕಳಿಸಿ, ಬೀರು ತೆಗೆದು ನಮ್ಮದೇ ಕರಾರು ಹುಡುಕಿದೆ. ಅದು ಗ್ಯಾಸ್ ಪುಸ್ತಕದೊಳಗೆ ಬೆಚ್ಚಗಿತ್ತು. ಅದರಲ್ಲೂ ದಲ್ಲಾಳಿ, ಬಾಣಂತಿ, ಸೀಬೆ ಮರ, ಮೂವರೂ ಇದ್ದರು. ನಮ್ಮ ಯಜಮಾನರು ಇಣುಕಿ ನೋಡಿ, "ನೀನೇ ಬರ್ದಿದ್ದನ್ನ ನೀನೇ ಓದ್ಲಿಲ್ವಲ್ಲೇ" ಎಂದರು. ಅವರಿಗೆ ಆ ದಿನ ಎರಡನೇ ಕಾಫಿ ಸಿಗಲಿಲ್ಲ.

ಭಾನುವಾರ ಬೆಳಗ್ಗೆ ಶಿವಣ್ಣ ಓನರನ್ನೇ ಕರೆದುಕೊಂಡು ಬಂದ. ರೂಮಿಗೆ ಸುಣ್ಣ ಬಣ್ಣ ಎಷ್ಟು ಬೇಕಾಗುತ್ತದೆ ಎಂದು ನೋಡಲು. ಅಂದರೆ ಬೇರೆ ಪಾರ್ಟಿ ರೆಡಿ ಇದೆ ಎಂದು ಅರ್ಥ. ನಾನು ಎರಡೂ ಕರಾರು ಹಿಡಿದುಕೊಂಡು ಮೆಟ್ಟಿಲ ತಿರುವಿನಲ್ಲಿ ನಿಂತೆ. ಜೀವನದಲ್ಲಿ ನಾನು ಯಾರ ದಾರಿಗೂ ಅಡ್ಡ ನಿಂತವಳಲ್ಲ. ಮೇಲಿನಿಂದ ಸಾಂಬ್ರಾಣಿ ಹೊಗೆ ಮೆಲ್ಲಗೆ ಇಳಿದು ಬರುತ್ತಿತ್ತು. ಸುವರ್ಣಾ ಅಂದು ಮೊದಲ ಸಲ ತಾನೇ ಮಗುವಿಗೆ ನೀರು ಹಾಕಿದ್ದಳು.

"ನಾಗರಾಜು ಅವ್ರೇ, ಒಂದ್ನಿಮಿಷ. ಇದನ್ನ ಓದ್ತೀನಿ, ಕೇಳಿ" ಎಂದೆ.

"ಅದೆಲ್ಲ ಫಾರ್ಮಾಲಿಟಿ ಆಂಟಿ, ಯಾಕೆ ತಲೆ ಕೆಡಿಸ್ಕೋತೀರ?" ಎಂದ ಶಿವಣ್ಣ.

"ಇದು ಫಾರ್ಮಾಲಿಟಿ ಆದ್ರೆ ಹನ್ನೊಂದು ತಿಂಗ್ಳು ಅನ್ನೋದೂ ಫಾರ್ಮಾಲಿಟಿನೇ ಅಲ್ವೇನಪ್ಪ? ಅದೂ ಇದೇ ಕಾಗದದಲ್ಲಿ ತಾನೇ ಇರೋದು?"

ಅದು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಅನುಮಾನ. ದಲ್ಲಾಳಿಯದು, ಬಾಣಂತಿಯದು, ಎರಡು ಕಲಮನ್ನೂ ಓದಿದೆ. ನಾಗರಾಜು ಅವರು ಕೈ ನೀಡಿ ಕಾಗದ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ತಾವೇ ಓದಿದರು. ಪ್ರತಿ ಪುಟದ ಕೆಳಗಿದ್ದ ತಮ್ಮ ಸಹಿಯನ್ನೂ ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಗಾಳಿ ಮೂಸುವವರಂತೆ ಮುಖ ಎತ್ತಿದರು.

"ಈ ಮನೇಲಿ ಬಾಣಂತಿ ಇದಾರಾ?"

"ಇಪ್ಪತ್ತಾರು ದಿನ" ಎಂದೆ.

"ನಂಗ್ಯಾಕ್ ಹೇಳ್ಲಿಲ್ಲ ಶಿವಣ್ಣ?"

ಶಿವಣ್ಣ ಫೋನನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡ. ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಗೆದ್ದಾಗಿತ್ತು. ಆದರೆ ಅವರು ತಮ್ಮ ಸಹಿಯನ್ನು ಮುಟ್ಟಿ ನೋಡಿದ ರೀತಿ ನನ್ನನ್ನು ಚುಚ್ಚಿತು. ಅವರು ನಂಬಿದ್ದ ಸಾಲು ಅವರು ಬರೆಸಿದ್ದಲ್ಲ, ನನ್ನ ಮರೆವಿನಿಂದ ಬಂದದ್ದು. ಹೇಳಿದರೆ ಕಾಗದ ಹರಿದು ಬಿಸಾಡಿದರೂ ಬಿಸಾಡಿಯಾರು, ಮೇಲೆ ಬಾಣಂತಿ ಇದ್ದಾಳೆ. ಹೇಳದಿದ್ದರೆ ಪುಟ್ಟತಾಯಮ್ಮನವರ ಹೆಸರಿನಲ್ಲಿ ಮೋಸ ಮಾಡಿದ ಹಾಗೆ. ಮೆಟ್ಟಿಲ ಕಂಬಿಯ ಮೇಲೆ ಬೆರಳುಗಳು ಏನನ್ನೋ ಹೊಡೆಯುತ್ತಲೇ ಇದ್ದವು.

"ಸಾರ್, ಒಂದು ನಿಜ ಹೇಳ್ಬೇಕು" ಎಂದು ಎಲ್ಲವನ್ನೂ ಹೇಳಿದೆ. ಮೆಟ್ಟಿಲ ಕೆಳಗಿನ ಅಂಗಡಿ, ಕ್ಲಿಪ್ಪು, ಕುಡಿದ ಟೀ, ಹನ್ನೊಂದು ದಿನದ ಬಾಣಂತಿ ಸೀಬೆ ಮರದ ಕೆಳಗೆ ಕೂತದ್ದು. ಬಸವರಾಜ ಮೇಲಿನ ಮೆಟ್ಟಿಲಿನಲ್ಲಿ ಬಂದು ನಿಂತು ಕೇಳುತ್ತಿದ್ದ. ನಾನು ಕೆಲಸ ಕೆಡಿಸಿದೆ ಎಂದೇ ಎಣಿಸಿದೆ.

ನಾಗರಾಜು ಅವರು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗಿಟ್ಟರು. "ಸಾಲು ಎಲ್ಲಿಂದಾದ್ರೂ ಬಂದಿರ್ಲಿ ಮೇಡಂ. ಸೈನ್ ನಂದೇ ಅಲ್ವಾ" ಎಂದರು.

ಅಷ್ಟೇ. ದೊಡ್ಡ ಮಾತೇನಲ್ಲ. ಆದರೆ ಆ ಮೂರು ವರ್ಷ ಕರಾರಿನ ಕೊನೆಯಲ್ಲಿ ಸಾಲು ಸಾಲು ಸಹಿ ಹಾಕಿಸಿದ ನನಗೆ ಸಹಿ ಎಂದರೆ ಏನು ಎಂದು ಆ ಮೆಟ್ಟಿಲ ಮೇಲೆ ಗೊತ್ತಾಯಿತು. ಓದದೆ ಹಾಕಿದ್ದಕ್ಕೂ ಒಬ್ಬ ಮನುಷ್ಯ ಹೀಗೆ ಕಟ್ಟುಬೀಳಬಹುದು ಎಂದು ನಾನು ಎಣಿಸಿರಲಿಲ್ಲ. ಅವರು ಮೇಲೆ ಹತ್ತಲೇ ಇಲ್ಲ. "ಬಾಣಂತಿ ಇರೋ ಕಡೆ ನಾವ್ಯಾಕೆ" ಎಂದು ಹಾಗೇ ಇಳಿದರು. ಕೆಳಗಿನಿಂದ ಕೂಗಿ, ಮತ್ತೆ ಹನ್ನೊಂದು ತಿಂಗಳಿಗೆ ಹೊಸ ಕರಾರು ಮಾಡಿಬಿಡಿ, ನೀವೇ ಟೈಪ್ ಮಾಡ್ಕೊಡಿ, ಶಿವಣ್ಣನಿಗೆ ಯಾರೂ ಏನೂ ಕೊಡೋದು ಬೇಡ ಎಂದರು. ಶಿವಣ್ಣ ನನ್ನ ಮುಂದೆ ಹಾದು ಹೋಗುವಾಗ ನಿಂತು, ತಗ್ಗಿದ ದನಿಯಲ್ಲಿ, "ಆಂಟಿ, ನಾನೂ ಬಾಡ್ಗೆ ಮನೇಲೇ ಇರೋದು. ನಂದ್ರಲ್ಲೂ ಆ ಸೀಬೆ ಮರ ಇರ್ಬೋದಾ?" ಎಂದು ಕೇಳಿದ. "ಮನೆಗೆ ಹೋಗಿ ಓದಪ್ಪ" ಎಂದೆ. ಓದಿದನೋ ಇಲ್ಲವೋ. ಮರುವಾರ ಸಿಕ್ಕಾಗ ನಕ್ಕ.

ಹೊಸ ಕರಾರನ್ನು ಪಕ್ಕದ ರಸ್ತೆಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ನಾನೇ ಟೈಪ್ ಮಾಡಿದೆ. ಅಂಗಡಿಯವನು, "ಹಳೇದನ್ನೇ ಕಾಪಿ ಹೊಡೀರಿ ಆಂಟಿ, ಡೇಟ್ ಚೇಂಜ್ ಮಾಡಿದ್ರಾಯ್ತು" ಎಂದ. ಬೇಡಪ್ಪ ಎಂದೆ. ಮೊದಲ ಅಕ್ಷರದಿಂದ ಕೊನೆಯವರೆಗೂ ಒಂದೊಂದೇ ಪದ ಓದಿಕೊಂಡು ಹೊಡೆದೆ. ಬಾಣಂತಿಯ ಕಲಮು ಬಂದಾಗ ನಿಧಾನ ಮಾಡಿದೆ. ಸೀಬೆ ಮರದ ಹತ್ತಿರ ಬೆರಳು ನಿಂತೇಬಿಟ್ಟಿತು. ಇಲ್ಲದ ಮರ, ಇಲ್ಲದ ಹಿತ್ತಲು. ತೆಗೆದರೆ ಯಾರಿಗೂ ನಷ್ಟವಿಲ್ಲ. ಮೊದಲ ಸಲ ಅದು ಮರೆವಿನಿಂದ ಉಳಿದಿತ್ತು. ಈ ಸಲ ಬೇಕೆಂದೇ ಹೊಡೆದೆ. ನಾಗರಾಜು ಅವರಿಗೆ ಕಾಗದ ಕೊಡುವಾಗ ಹೇಳಿಯೂ ಬಿಟ್ಟೆ. ಅವರು ಈ ಸಲ ಪೂರ್ತಿ ಓದಿ, ಆ ಸಾಲಿಗೆ ಬಂದಾಗ ಒಮ್ಮೆ ನನ್ನ ಮುಖ ನೋಡಿ, ಸಹಿ ಹಾಕಿದರು.

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ಅವರು ಮತ್ತೆ ಬಂದರು, ಸ್ಕೂಟರಿನಲ್ಲಿ ಕಾಲ ಬಳಿ ಒಂದು ದೊಡ್ಡ ಪೇಂಟ್ ಬಕೆಟ್ ಇಟ್ಟುಕೊಂಡು. ರೂಮಿಗೆ ಬಣ್ಣ ಹೊಡೆಸಲು ಬಂದರೇನೋ, ಮನಸ್ಸು ಬದಲಾಯಿತೇನೋ ಎಂದುಕೊಂಡೆ. ಬಕೆಟ್ ಭಾರವಿತ್ತು. ಅವರೂ ಬಸವರಾಜನೂ ಆಚೆ ಈಚೆ ಹಿಡಿದು ಮೂರು ಮಹಡಿ ಹತ್ತಿ ಟೆರೇಸಿಗೆ ಒಯ್ದು ಇಳಿಸಿದರು. ಮೇಲೆ ಹೋಗಿ ನೋಡಿದರೆ ಬಕೆಟ್ಟಿನಲ್ಲಿ ಕೆಮ್ಮಣ್ಣು, ಮಣ್ಣಿನಲ್ಲಿ ಮೊಳಕಾಲೆತ್ತರದ ಒಂದು ಸೀಬೆ ಸಸಿ.

ನಾಗರಾಜು ಅವರು ಬೆವರು ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಅಗ್ರಿಮೆಂಟಲ್ಲಿದೆಯಲ್ಲ ಮೇಡಂ" ಎಂದರು. "ಹಿತ್ಲಿಲ್ಲ. ಅಡ್ಜಸ್ಟ್ ಮಾಡ್ಕೊಳ್ಳಿ."

ಸುವರ್ಣಾ ಮಗುವನ್ನು ಎತ್ತಿಕೊಂಡು ಮೇಲೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಮಗುವಿನ ಮೈಗೆ ಹಚ್ಚಿದ ಎಣ್ಣೆ ಇನ್ನೂ ಆರಿರಲಿಲ್ಲ. ಎಳೆಬಿಸಿಲಿತ್ತು. ಕೂರಲು ಬೇರೆ ಜಾಗವಿದ್ದರೂ ಅವಳು ಹೋಗಿ ಆ ಬಕೆಟ್ಟಿನ ಪಕ್ಕದಲ್ಲೇ ಕಾಲು ನೀಡಿ ಕೂತಳು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು. ಸಸಿಯ ನೆರಳು ಮಗುವಿನ ಅಂಗೈಯಷ್ಟೂ ಇರಲಿಲ್ಲ. ಅವಳು ಯಾರಿಗೂ ಕಾಯುತ್ತಿರಲಿಲ್ಲ, ಎಲ್ಲಿಗೂ ಹೋಗಬೇಕಿರಲಿಲ್ಲ.

ನಾನು ಟೆರೇಸಿನ ಗೋಡೆಗೆ ಕೈ ಊರಿ ನಿಂತೆ. ತುಂಬ ಹೊತ್ತಾದ ಮೇಲೆ ಗಮನಿಸಿದೆ, ನನ್ನ ಹತ್ತು ಬೆರಳೂ ಸುಮ್ಮನಿದ್ದವು.